ಹೊಳೆಯ ಈಜಿನ ಭಯಕ್ಕೆ ಪಾದಾಂಶಿಕ ಕ್ರಮ

ಮಳೆಗಾಲ ಕಳೆದು ತುಂಗಭದ್ರೆಯ ಕೆಂಪು ನೀರು ತಿಳಿಯಾಗುತ್ತ ಬಂದಂತೆ ನಮ್ಮ ಚಿಕಿತ್ಸಾಲಯಕ್ಕೆ ಒಂದು ಬಗೆಯ ಪ್ರಶ್ನೆ ಬರತೊಡಗುತ್ತದೆ. ಮಂಡಿನೋವಿಗೆಂದೋ, ಸಕ್ಕರೆ ಕಾಯಿಲೆಗೆಂದೋ ದಾವಣಗೆರೆಯ ಈಜುಕೊಳದಲ್ಲಿ ಈಜು ಕಲಿತ ಮಧ್ಯವಯಸ್ಸಿನ ಸದ್ಭಕ್ತರು ಕೇಳುವ ಪ್ರಶ್ನೆ ಅದು: "ಕೊಳದಲ್ಲಿ ಹತ್ತು ಸಲ ಆಚೆಯಿಂದೀಚೆಗೆ ಸಲೀಸಾಗಿ ಈಜುತ್ತೇವೆ. ಹರಿಹರದಲ್ಲಿ ಹೊಳೆಗೆ ಇಳಿದರೆ ಮಾತ್ರ ಎದೆ ಡವಗುಟ್ಟುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಇದು ಹೃದಯದ ದೋಷವೋ, ಮನಸ್ಸಿನ ದೌರ್ಬಲ್ಯವೋ?"

ಆರೋಗ್ಯವಂತರಾದ ಬಹುಪಾಲು ಜನರಲ್ಲಿ ಇದು ದೋಷವೂ ಅಲ್ಲ, ದೌರ್ಬಲ್ಯವೂ ಅಲ್ಲ. ಪರಿಚಯವಿಲ್ಲದ ನೀರಿಗೆ ಶರೀರವು ತೋರುವ ಸಹಜ ಪ್ರತಿಕ್ರಿಯೆ. ಅದನ್ನು ಗದರಿಸಿ ಓಡಿಸಲಾಗದು, ಅಭ್ಯಾಸದಿಂದ ಸಾತ್ಮ್ಯಗೊಳಿಸಿಕೊಳ್ಳಬಹುದು. ಅದಕ್ಕೆ ಚರಕಾಚಾರ್ಯರು ಬೋಧಿಸಿದ ಪಾದಾಂಶಿಕ ಕ್ರಮವು ಬಹಳ ಚೆನ್ನಾಗಿ ಒದಗುತ್ತದೆ. ಆದರೆ ಅದಕ್ಕೂ ಮೊದಲು ಯಾವ ಭಯವನ್ನು ಕಳೆಯಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ವಿವೇಕ ಬೇಕು.

ಉಳಿಸಿಕೊಳ್ಳಬೇಕಾದ ಭಯ

ವಾಗ್ಭಟಾಚಾರ್ಯರು ಅಷ್ಟಾಂಗ ಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ, ತೋಳುಗಳ ಬಲದಿಂದ ನದಿಯನ್ನು ದಾಟಬಾರದೆಂದು ವಿಧಿಸಿದ್ದಾರೆ. ಹಾಗಾದರೆ ಆಯುರ್ವೇದವು ಈಜನ್ನೇ ನಿಷೇಧಿಸಿದೆಯೇ ಎಂದು ಕೆಲವರು ಕೇಳುವುದುಂಟು. ಅದೇ ಶ್ಲೋಕದಲ್ಲಿ, ಧಗಧಗಿಸುವ ಬೆಂಕಿಯ ರಾಶಿಗೆ ಎದುರಾಗಿ ಹೋಗಬಾರದು, ಸಂದೇಹವಿರುವ ದೋಣಿಯನ್ನಾಗಲಿ ಮರವನ್ನಾಗಲಿ ಏರಬಾರದು ಎಂಬ ಮಾತುಗಳೂ ಇವೆ. ಇದರಿಂದ ಒಲೆ ಹೊತ್ತಿಸಬಾರದೆಂದಾಗಲಿ, ದೋಣಿಯಲ್ಲಿ ಕೂರಲೇಬಾರದೆಂದಾಗಲಿ ಅರ್ಥವಾಗುವುದಿಲ್ಲ. ಸಾಧನವಿಲ್ಲದೆ, ಸಂಗಡಿಗರಿಲ್ಲದೆ, ಸ್ವಂತ ಬಲದ ಮೇಲಿನ ಹುಸಿನಂಬಿಕೆಯಿಂದ ಅಪಾಯಕ್ಕೆ ಧುಮುಕುವುದನ್ನು ಆಚಾರ್ಯರು ತಡೆದಿದ್ದಾರೆ ಎಂದೇ ನಾವು ತಿಳಿಯಬೇಕು.

ಈ ಎಚ್ಚರಿಕೆ ನಮ್ಮ ಸೀಮೆಗೆ ಇಂದಿಗೂ ಸಲ್ಲುತ್ತದೆ. ತುಂಗೆಗೆ ಗಾಜನೂರಿನಲ್ಲಿ, ಭದ್ರೆಗೆ ಲಕ್ಕವಳ್ಳಿಯಲ್ಲಿ ಅಣೆಕಟ್ಟುಗಳಿವೆ. ಎರಡೂ ಹೊಳೆಗಳು ಕೂಡಲಿಯಲ್ಲಿ ಸಂಗಮಿಸಿ ಹರಿಹರದತ್ತ ಬರುತ್ತವೆ. ದಾವಣಗೆರೆಯಲ್ಲಿ ಬಿಸಿಲಿದ್ದರೂ ಮಲೆನಾಡಿನಲ್ಲಿ ಮಳೆ ಸುರಿದರೆ, ಅಥವಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಹರಿಹರದಲ್ಲಿ ಹೊಳೆ ಏರುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿ ಮೊಣಕಾಲುದ್ದ ನೀರು ಕಂಡರೂ, ಮರಳು ತೆಗೆದ ಗುಂಡಿಗಳೂ ಹಳೆಯ ಮಡುಗಳೂ ಒಂದೇ ಹೆಜ್ಜೆಯಲ್ಲಿ ಆಳುದ್ದವಾಗಿಬಿಡುತ್ತವೆ. ಭದ್ರಾ ನಾಲೆಯಂತೂ ಈಜುವ ಸ್ಥಳವೇ ಅಲ್ಲ. ಇಳಿಜಾರಾದ ಸಿಮೆಂಟಿನ ಬದಿಗೆ ಪಾಚಿ ಕಟ್ಟಿರುತ್ತದೆ; ಇಳಿದವನಿಗೆ ಹತ್ತಲು ಹಿಡಿತವೇ ಸಿಗುವುದಿಲ್ಲ. ಕುಂದವಾಡ ಕೆರೆ ನಗರಕ್ಕೆ ಕುಡಿಯುವ ನೀರು ಕೊಡುವ ಕೆರೆ; ಅದರ ಏರಿಯ ಮೇಲೆ ನಡೆಯೋಣ, ನೀರಿಗೆ ಇಳಿಯುವುದು ಬೇಡ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ವಿಶಾಲವಾದುದು. ಗಾಳಿ ಎದ್ದರೆ ಅಲ್ಲಿ ಅಲೆಗಳು ಮುಖಕ್ಕೆ ಬಡಿಯುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಅಸುನೀಗಿದರು. ಅದೇ ವರ್ಷ ವಿಶ್ವಸಂಸ್ಥೆಯು ಜುಲೈ 25ನ್ನು ಮುಳುಗುಸಾವು ತಡೆಯುವ ದಿನವೆಂದು ಘೋಷಿಸಿತು. ನಮ್ಮ ಜಿಲ್ಲೆಯಲ್ಲಿಯೂ ಬೇಸಿಗೆ ರಜೆ ಬಂತೆಂದರೆ ಯಾವುದಾದರೊಂದು ಮನೆಯ ದೀಪ ಹೊಳೆಯಲ್ಲೋ, ನಾಲೆಯಲ್ಲೋ ಆರುವುದನ್ನು ಓದುಗರು ಬಲ್ಲರು. ಆದ್ದರಿಂದ ಪ್ರವಾಹ, ಗೊತ್ತಿಲ್ಲದ ಮಡು, ನಾಲೆ, ಕತ್ತಲೆ, ಒಂಟಿತನ ಇವುಗಳ ಭಯವನ್ನು ಎಂದಿಗೂ ಕಳೆದುಕೊಳ್ಳಬಾರದು. ಅದು ಆಯುಷ್ಯವನ್ನು ಕಾಯುವ ಭಯ.

ಈ ವಿವೇಕಕ್ಕೆ ನಮ್ಮ ಪರಂಪರೆಯಲ್ಲಿಯೇ ದೊಡ್ಡ ಆದರ್ಶವಿದೆ. ಅಂಬಿಗರ ಚೌಡಯ್ಯನವರು ದೋಣಿ ನಡೆಸುವ ಕಾಯಕವನ್ನೇ ಹೆಸರಿನಲ್ಲಿ ಧರಿಸಿ, ಆ ಹೆಸರನ್ನೇ ವಚನಗಳ ಅಂಕಿತವಾಗಿಸಿಕೊಂಡ ನಿಷ್ಠುರ ಶರಣರು. ಅವರ ಗದ್ದುಗೆ ಇದೇ ತುಂಗಭದ್ರೆಯ ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿದೆ. ಅಂಬಿಗನಾದವನು ಹೊಳೆಗೆ ಹೆದರಿ ಮನೆಯಲ್ಲಿ ಕೂರುವುದಿಲ್ಲ. ಹೊಳೆಯನ್ನು ಹಗುರವಾಗಿಯೂ ಕಾಣುವುದಿಲ್ಲ. ಇಂದಿನ ನೀರು ಹೇಗಿದೆಯೆಂದು ನೋಡಿಯೇ ಹುಟ್ಟು ಹಾಕುತ್ತಾನೆ. ಹೊಸದಾಗಿ ಹೊಳೆಗೆ ಇಳಿಯುವವರು ಕಲಿಯಬೇಕಾದುದು ಈ ನಡೆಯನ್ನೇ.

ಕಳೆಯಬೇಕಾದ ಭಯ ಹುಟ್ಟುವ ಬಗೆ

ಈಜುಕೊಳದಲ್ಲಿ ತಳ ಕಾಣುತ್ತದೆ. ತಳದಲ್ಲಿ ಎಳೆದ ಗೆರೆ ದಾರಿ ತೋರುತ್ತದೆ. ದಣಿದರೆ ಹಿಡಿಯಲು ಗೋಡೆಯಿದೆ. ಹೊಳೆಯಲ್ಲಿ ಇವು ಯಾವುವೂ ಇಲ್ಲ. ಕಣ್ಣಿಗೆ ಕಾಣುವುದು ಹಸಿರು ಮಬ್ಬು, ಕಾಲಿಗೆ ತಾಗುವುದು ಕೆಸರು ಅಥವಾ ಜೊಂಡು. ಮನಸ್ಸು ಆಧಾರವನ್ನು ಹುಡುಕಿ ಸಿಗದೆ ಕಳವಳಗೊಳ್ಳುತ್ತದೆ. ಭಯದಿಂದ ವಾಯು ಪ್ರಕೋಪಗೊಳ್ಳುತ್ತದೆ ಎಂಬುದು ಆಯುರ್ವೇದದ ಸಿದ್ಧಾಂತ. ನಡುಕ, ಎದೆಬಡಿತ, ಒಣಗಿದ ಬಾಯಿ, ಮೇಲುಸಿರು ಇವೆಲ್ಲ ವಾಯುವಿನ ಲಕ್ಷಣಗಳೇ.

ಇದಕ್ಕೆ ನೀರಿನ ತಂಪು ಜೊತೆಗೂಡುತ್ತದೆ. ತಣ್ಣನೆಯ ನೀರು ಥಟ್ಟನೆ ಚರ್ಮಕ್ಕೆ ತಾಗಿದಾಗ ಮನುಷ್ಯನು ತನಗರಿವಿಲ್ಲದೆ ಒಮ್ಮೆಲೇ ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ. ಬಳಿಕ ಉಸಿರು ವೇಗವಾಗುತ್ತದೆ, ನಾಡಿ ಏರುತ್ತದೆ. ಆಧುನಿಕ ಶರೀರಶಾಸ್ತ್ರವು ಇದನ್ನು ಚೆನ್ನಾಗಿ ಅಭ್ಯಸಿಸಿದೆ. ಈ ಆಘಾತ ಮೊದಲ ಅರ್ಧ ನಿಮಿಷದಲ್ಲಿ ಹೆಚ್ಚಾಗಿದ್ದು, ಎರಡು ಮೂರು ನಿಮಿಷಗಳಲ್ಲಿ ತಾನಾಗಿ ಇಳಿಯುತ್ತದೆ. ಆದ್ದರಿಂದ ಆರಂಭದ ಆ ಎರಡು ಮೂರು ನಿಮಿಷಗಳಲ್ಲಿ ಈಜಬಾರದು, ಕಾದಿರಬೇಕು. ಪುಷ್ಯ ಮಾಘಗಳ ಮುಂಜಾನೆ ನಮ್ಮ ಹೊಳೆಯ ನೀರೂ ಈ ಪ್ರತಿಕ್ರಿಯೆ ಹುಟ್ಟಿಸುವಷ್ಟು ತಣ್ಣಗಿರುತ್ತದೆ.

ಮೂರನೆಯ ಕಾರಣ ಉಸಿರನ್ನು ಬಿಗಿಹಿಡಿಯುವುದು. ಹೊಸಬರು ಮುಖವನ್ನು ನೀರಿಗಿಟ್ಟಾಗ ಉಸಿರು ಬಿಡುವುದನ್ನೇ ಮರೆಯುತ್ತಾರೆ. ಒಳಗಿನ ಕೆಟ್ಟ ಗಾಳಿ ಹೊರಹೋಗದೆ ಇಂಗಾಲದ ಡೈಆಕ್ಸೈಡ್ ಹೆಚ್ಚಿ, ಗಾಳಿ ಸಾಲದೆಂಬ ಭಾವ ಮೂಡುತ್ತದೆ. ವಾಸ್ತವವಾಗಿ ಅಲ್ಲಿ ಸಾಲದಿರುವುದು ಉಸಿರು ಬಿಡುವಿಕೆ. ಚರಕಾಚಾರ್ಯರು ತಡೆಯಬಾರದ 13 ವೇಗಗಳಲ್ಲಿ ಶ್ರಮದಿಂದ ಉಂಟಾಗುವ ಉಸಿರನ್ನೂ ಎಣಿಸಿ, ಅದನ್ನು ತಡೆದರೆ ಸಂಮೋಹ, ಎಂದರೆ ಬುದ್ಧಿಯ ಗೊಂದಲ ಉಂಟಾದೀತೆಂದು ಎಚ್ಚರಿಸಿದ್ದಾರೆ. ನೀರಿನಲ್ಲಿ ಉಸಿರುಗಟ್ಟಿದವನು ದಡ ಹತ್ತಿರವಿದ್ದರೂ ದಿಕ್ಕುಗಾಣದೆ ಕೈಕಾಲು ಬಡಿಯುವುದು ಈ ಸಂಮೋಹದ ಸ್ಥಿತಿಯಲ್ಲಿಯೇ.

ಪಾದಾಂಶಿಕ ಕ್ರಮ

ಪಾದವೆಂದರೆ ಕಾಲುಭಾಗ. ಬಹುಕಾಲದ ಅಹಿತವನ್ನು ಒಂದೇ ದಿನ ಬಿಡಬಾರದು, ಹಿತವನ್ನು ಒಂದೇ ದಿನ ಪೂರ್ತಿಯಾಗಿ ಹಿಡಿಯಲೂಬಾರದು. ಕಾಲುಕಾಲು ಭಾಗವಾಗಿ, ನಡುವೆ ದಿನಗಳ ಅಂತರವಿಟ್ಟು ಬದಲಾಯಿಸಿಕೊಳ್ಳಬೇಕು ಎಂಬುದು ಚರಕ ಸಂಹಿತೆಯ ಸೂತ್ರಸ್ಥಾನದ ಬೋಧೆ. ಹೀಗೆ ಬಿಟ್ಟ ದೋಷ ಮರಳುವುದಿಲ್ಲ, ಪಡೆದ ಗುಣ ಅಲುಗುವುದಿಲ್ಲ. ಆಹಾರಕ್ಕೂ ದುಶ್ಚಟಕ್ಕೂ ಹೇಳುವ ಈ ಸೂತ್ರವನ್ನು ನಾವು ನೀರಿನ ಭಯಕ್ಕೂ ಅನ್ವಯಿಸುತ್ತೇವೆ.

ನಮ್ಮ ಹಳ್ಳಿಗಳಲ್ಲಿ ಮಕ್ಕಳನ್ನು ಬಾವಿಗೆ ತಳ್ಳಿ ಈಜು ಕಲಿಸುವ ರೂಢಿಯಿತ್ತು. ಹಾಗೆ ಕಲಿತವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹಾಗೆ ತಳ್ಳಿಸಿಕೊಂಡು ಜೀವಮಾನವೆಲ್ಲ ನೀರಿಗೆ ಹೆದರಿದವರು ಹೇಳಿಕೊಳ್ಳುವುದಿಲ್ಲ. ಆ ಹಿರಿಯರಲ್ಲಿಯೇ ವಿವೇಕಿಗಳು ಮಗುವಿನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಇಳಿಸುತ್ತಿದ್ದರು. ಅದೇ ಸರಿಯಾದ ದಾರಿ.

ಮೊದಲ ಪಾದ: ದಡ. ಮೊದಲ ಎರಡು ಮೂರು ದಿನ ಈಜುವ ಮಾತೇ ಬೇಡ. ಬೆಳಕಾದ ಮೇಲೆ ಹೊಳೆಗೆ ಹೋಗಿ, ಅಲ್ಲಿಯ ಅಂಬಿಗರನ್ನೂ ಮೀನುಗಾರ ಬಂಧುಗಳನ್ನೂ ವಿಚಾರಿಸಬೇಕು. ಮಡು ಎಲ್ಲಿದೆ, ಸೆಳವು ಯಾವ ಕಡೆಗಿದೆ, ತಳ ಮರಳೋ ಬಂಡೆಯೋ, ನಿನ್ನೆಗಿಂತ ನೀರು ಏರಿದೆಯೋ ಇಳಿದಿದೆಯೋ ಎಂದು ಕೇಳಿ ತಿಳಿಯಬೇಕು. ಹತ್ತುವ ಜಾಗವನ್ನು ಗುರುತಿಸಿದ ಮೇಲೆಯೇ ಇಳಿಯುವ ಜಾಗವನ್ನು ಆರಿಸಬೇಕು. ಇಳಿಯಬಾರದೆಂಬ ಫಲಕವಿರುವಲ್ಲಿ ಇಳಿಯಲೇಬಾರದು. ಬಳಿಕ ಮೆಟ್ಟಿಲ ಮೇಲೆ ಕುಳಿತು ಕಾಲುಗಳನ್ನು ನೀರಿಗಿಟ್ಟು, ಮುಖ, ಕತ್ತು, ಎದೆಗೆ ನೀರು ಚಿಮುಕಿಸಿಕೊಳ್ಳುತ್ತ ಉಸಿರನ್ನು ನಿಧಾನವಾಗಿ, ಒಳಗೆಳೆದುದಕ್ಕಿಂತ ದೀರ್ಘವಾಗಿ ಹೊರಬಿಡಬೇಕು.

ಎರಡನೆಯ ಪಾದ: ಸೊಂಟದಷ್ಟು ನೀರು. ಸಂಗಡಿಗರೊಡನೆ ಸೊಂಟದವರೆಗೆ ಇಳಿದು ಮೂರು ನಿಮಿಷ ಸುಮ್ಮನೆ ನಿಲ್ಲಬೇಕು. ಉಸಿರು ಸಮಸ್ಥಿತಿಗೆ ಬಂದ ಬಳಿಕ ಮುಖವನ್ನು ನೀರಿಗಿಟ್ಟು ಗುಳ್ಳೆ ಏಳುವಂತೆ ಉಸಿರು ಬಿಡುವುದು, ತಲೆ ಎತ್ತಿ ಎಳೆದುಕೊಳ್ಳುವುದು. ಇದನ್ನು ಹತ್ತಿಪ್ಪತ್ತು ಸಲ ಮಾಡಬೇಕು. ಆಮೇಲೆ ಅಂಗಾತ ತೇಲುವುದನ್ನು ಕಲಿಯಬೇಕು. ಕಿವಿಗಳು ನೀರೊಳಗೆ, ಗದ್ದ ಮೇಲಕ್ಕೆ, ತೋಳುಗಳು ಅಗಲಕ್ಕೆ. ಶ್ವಾಸಕೋಶಗಳಲ್ಲಿ ಗಾಳಿ ತುಂಬಿರುವಾಗ ಬಹುಪಾಲು ಮನುಷ್ಯರ ದೇಹ ನೀರಿಗಿಂತ ಹಗುರ. ಕಾಲುಗಳು ತುಸು ಇಳಿದರೂ ಮುಖ ಮೇಲೆಯೇ ಉಳಿಯುತ್ತದೆ. ನೀರು ತನ್ನನ್ನು ಹೊರುತ್ತದೆ ಎಂಬುದು ಮೈಗೆ ಮನವರಿಕೆಯಾಗದ ಹೊರತು ಎಷ್ಟು ಬುದ್ಧಿವಾದ ಕೇಳಿದರೂ ಭಯ ಹೋಗದು. ಆದ್ದರಿಂದ ಈ ಪಾದಕ್ಕೆ ಹೆಚ್ಚು ದಿನ ಕೊಡಬೇಕು.

ಮೂರನೆಯ ಪಾದ: ದಡದ ಉದ್ದಕ್ಕೂ. ಎದೆಮಟ್ಟದ ನೀರಿನಲ್ಲಿ, ದಡಕ್ಕೆ ಸಮಾನಾಂತರವಾಗಿ ಹತ್ತು ಕೈ ಹಾಕಿ ನಿಲ್ಲುವುದು, ಮತ್ತೆ ಹತ್ತು ಕೈ. ಮೊದಲು ಸೆಳವಿಗೆ ಎದುರಾಗಿ ಈಜಬೇಕು. ದಣಿದಾಗ ಹಿಂದಿರುಗಲು ಹೊಳೆಯೇ ನೆರವಾಗುತ್ತದೆ. ತಳದ ಗೆರೆಯಿಲ್ಲದ ಕಾರಣ, ಆರೆಂಟು ಕೈಗೊಮ್ಮೆ ಕಣ್ಣನ್ನು ನೀರಿನ ಮೇಲಕ್ಕೆತ್ತಿ ದಡದ ಒಂದು ಮರವನ್ನೋ, ಗೋಪುರವನ್ನೋ ಗುರಿಯಾಗಿ ನೋಡುವ ಅಭ್ಯಾಸ ಬೇಕು. ಗುರಿಯೊಂದು ಸಿಕ್ಕರೆ ಅಲೆಯುತ್ತಿರುವ ಮನಸ್ಸೂ ನೆಲೆಗೊಳ್ಳುತ್ತದೆ. ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸಿ ಅಭ್ಯಾಸವಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾಲ್ಕನೆಯ ಪಾದ: ಕಾಲು ನಿಲುಕದ ನೀರು. ಬಲ್ಲ ಈಜುಗಾರರು ಪಕ್ಕದಲ್ಲಿದ್ದು, ಸಾಧ್ಯವಾದರೆ ಹರಿಗೋಲು ಅಥವಾ ದೋಣಿ ಜೊತೆಯಲ್ಲಿದ್ದು, ಸೊಂಟಕ್ಕೆ ಗಾಳಿಯ ತೇಲುಚೀಲ ಕಟ್ಟಿಕೊಂಡು ಮಾತ್ರ ಇಲ್ಲಿಗೆ ಬರಬೇಕು. ಬಣ್ಣ ಎದ್ದು ಕಾಣುವ ಚೀಲವೂ ಟೋಪಿಯೂ ಇದ್ದರೆ ದಡದವರಿಗೆ ಗುರುತು ಸಿಗುತ್ತದೆ. ಮೊದಲ ದಿನ ಆಳಕ್ಕೆ ಹೋಗಿ ಅಂಗಾತ ತೇಲಿ ಮರಳಿದರೆ ಸಾಕು. ಹೊಳೆ ದಾಟುವ ಹಂಬಲ ಬೇಡ.

ಒಂದು ಪಾದವು ಬೇಸರ ಬರುವಷ್ಟು ಸುಲಭವಾದ ಮೇಲೆಯೇ ಮುಂದಿನದು. ಭಯ ಮರಳಿದರೆ ಒಂದು ಪಾದ ಹಿಂದೆ ಸರಿಯಬೇಕು. ಅದರಲ್ಲಿ ನಾಚಿಕೆಯಿಲ್ಲ.

ಹಿಂದೆ ಸರಿದು ಮತ್ತೆ ಇಳಿದವರು ದೊಡ್ಡ ಈಜುಗಾರರಲ್ಲಿಯೂ ಇದ್ದಾರೆ. ಬೆಂಗಳೂರಿನ ನಿಶಾ ಮಿಲ್ಲೆಟ್ ಅವರು ಐದರ ಹರೆಯದಲ್ಲಿ ನೀರಿನಲ್ಲಿ ಮುಳುಗುವುದರಿಂದ ಸ್ವಲ್ಪದರಲ್ಲಿ ಪಾರಾದವರು. ಆ ಭಯ ಉಳಿಯಬಾರದೆಂದು ತಂದೆಯೇ ಪಟ್ಟುಹಿಡಿದು ಈಜು ಕಲಿಸಿದರು. ಆ ಬಾಲಕಿಯೇ ಮುಂದೆ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಈಜಿದರು. ಕಲ್ಕತ್ತೆಯ ಆರತಿ ಸಾಹಾ ಅವರು 1959ರ ಆಗಸ್ಟ್‌ನಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಲು ಹೊರಟು ಗುರಿ ಮುಟ್ಟಲಾಗದೆ ಹಿಂದಿರುಗಿದರು. ಮುಂದಿನ ತಿಂಗಳು, ಸೆಪ್ಟೆಂಬರ್ 29ರಂದು, ಮತ್ತೆ ಇಳಿದು ಅದನ್ನು ಈಜಿ ದಾಟಿದ ಏಷ್ಯಾದ ಮೊದಲ ಮಹಿಳೆಯಾದರು.

ನಡುನೀರಿನಲ್ಲಿ ಭಯ ಬಂದರೆ

ಎಷ್ಟೇ ಅಭ್ಯಾಸವಿದ್ದರೂ ಒಮ್ಮೊಮ್ಮೆ ಜೊಂಡು ಕಾಲಿಗೆ ಸುತ್ತಿದಾಗ, ಬಾಯಿಗೆ ನೀರು ಹೋದಾಗ ಎದೆ ಝಲ್ಲೆನ್ನುತ್ತದೆ. ಆಗ ಮಾಡಬೇಕಾದುದು ಒಂದೇ: ಈಜುವುದನ್ನು ನಿಲ್ಲಿಸಿ ಅಂಗಾತ ತೇಲಬೇಕು. ದಡದತ್ತ ವೇಗವಾಗಿ ಧಾವಿಸಬಾರದು, ತಳ ಹುಡುಕಲು ಕಾಲು ಇಳಿಬಿಡಬಾರದು. ಮನಸ್ಸಿನಲ್ಲಿ ಷಡಕ್ಷರಿಯನ್ನು ಜಪಿಸುತ್ತ ಹತ್ತು ದೀರ್ಘ ನಿಃಶ್ವಾಸಗಳನ್ನು ಎಣಿಸಬೇಕು. ಹತ್ತು ಮುಗಿಯುವಷ್ಟರಲ್ಲಿ ಬುದ್ಧಿ ಮರಳಿ ಸ್ವಸ್ಥಾನಕ್ಕೆ ಬರುತ್ತದೆ. ಆಗ ಕೈಯೆತ್ತಿ ಸಂಗಡಿಗರನ್ನು ಕರೆಯಬೇಕೋ, ನಿಧಾನವಾಗಿ ಈಜಿ ಮರಳಬೇಕೋ ತೀರ್ಮಾನಿಸಬಹುದು. ಸೆಳವಿಗೆ ಸಿಕ್ಕರೆ ಎದುರು ಹೋರಾಡದೆ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ ತೇಲುತ್ತ, ಓರೆಯಾಗಿ ದಡದ ಕಡೆಗೆ ಸರಿಯಬೇಕು. ಚರಕಾಚಾರ್ಯರು ಹೇಳುವ ಸತ್ವಾವಜಯ ಚಿಕಿತ್ಸೆ, ಅಂದರೆ ಅಹಿತದತ್ತ ಓಡುವ ಮನಸ್ಸನ್ನು ಹಿಡಿದು ನಿಲ್ಲಿಸುವುದು, ಇದೇ.

ಯೋಗಾಭ್ಯಾಸಿಗಳಿಗೆ ಒಂದು ವಿಶೇಷ ಎಚ್ಚರಿಕೆ. ನೀರಿಗೆ ಇಳಿಯುವ ಮೊದಲು ಕಪಾಲಭಾತಿ, ಭಸ್ತ್ರಿಕಾಗಳನ್ನು ಮಾಡಬಾರದು. ನೀರೊಳಗೆ ಕುಂಭಕವನ್ನು ಪರೀಕ್ಷಿಸಲೂಬಾರದು. ವೇಗದ ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ತೀರ ಕಡಿಮೆಯಾದಾಗ ಉಸಿರು ಬೇಕೆಂಬ ಸೂಚನೆಯೇ ಬಾರದೆ, ಪ್ರಜ್ಞೆ ತಪ್ಪುವ ಅಪಾಯವಿದೆ. ನುರಿತ ಈಜುಗಾರರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ.

ಪಥ್ಯಾಪಥ್ಯ

ಹಸಿದಿರುವಾಗ ಮಾಡುವ ವ್ಯಾಯಾಮವು ಪ್ರಾಣವಹ ಸ್ರೋತಸ್ಸನ್ನು ಕೆಡಿಸುತ್ತದೆ ಎಂದು ಚರಕಾಚಾರ್ಯರೂ, ಊಟವಾದೊಡನೆ ಸ್ನಾನ ಸಲ್ಲದೆಂದು ವಾಗ್ಭಟಾಚಾರ್ಯರೂ ಹೇಳಿದ್ದಾರೆ. ಎರಡನ್ನೂ ಕೂಡಿಸಿ ನೋಡಿದರೆ, ಈಜುವ ಸುಮಾರು ಒಂದು ಗಂಟೆ ಮೊದಲು ತೆಳುವಾದ ರಾಗಿ ಗಂಜಿಯೋ, ಒಂದು ಬಾಳೆಹಣ್ಣೋ ಸಾಕು. ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂಬ ನಿಯಮ ಹೊಳೆಯಲ್ಲಿ ಇನ್ನೂ ಮುಖ್ಯ. ಉಳಿದ ಅರ್ಧಶಕ್ತಿಯೇ ಮರಳಿ ಬರುವ ದಾರಿ. ಅಭ್ಯಂಗವನ್ನು ಬೇರೆ ಹೊತ್ತಿನಲ್ಲಿ ಮಾಡಿಕೊಳ್ಳಿ. ಎಣ್ಣೆಗೈಯಲ್ಲಿ ಹಗ್ಗವಾಗಲಿ ದೋಣಿಯ ಅಂಚಾಗಲಿ ಹಿಡಿತಕ್ಕೆ ಸಿಗದು. ಈಜಿ ಬಂದ ಮೇಲೆ ತಲೆಯನ್ನು ಚೆನ್ನಾಗಿ ಒರೆಸಿ, ಒಣಬಟ್ಟೆ ಧರಿಸಿ, ಬಿಸಿಯಾದ ಶುಂಠಿ ಕಷಾಯ ಕುಡಿಯುವುದು ಹಿತಕರ.

ಧೈರ್ಯಕ್ಕೆಂದು ಬ್ರಾಹ್ಮಿ, ಅಶ್ವಗಂಧಗಳ ಗುಳಿಗೆ ಕೇಳುವವರಿದ್ದಾರೆ. ನೀರಿಗೆ ಇಳಿಯುವ ಮುನ್ನ ನುಂಗಿ ಧೈರ್ಯ ತಂದುಕೊಳ್ಳುವ ಔಷಧಿ ಯಾವುದೂ ಇಲ್ಲ. ನಿದ್ರೆ ತರುವ ಮಾತ್ರೆಯಾಗಲಿ, ಮದ್ಯವಾಗಲಿ ಎಚ್ಚರವನ್ನು ಕದಿಯುತ್ತವೆ. ಅಪಸ್ಮಾರವುಳ್ಳವರು ಹೊಳೆಗೆ ಇಳಿಯಬಾರದು. ಹೃದ್ರೋಗ, ಅಧಿಕ ರಕ್ತದೊತ್ತಡ, ಉಬ್ಬಸ, ಇನ್ಸುಲಿನ್ ಪಡೆಯುವಂತಹ ಮಧುಮೇಹ ಉಳ್ಳವರು ಹಾಗೂ ಗರ್ಭಿಣಿಯರು ತಮ್ಮ ವೈದ್ಯರ ಒಪ್ಪಿಗೆಯಿಲ್ಲದೆ ಇಳಿಯಬಾರದು. ನೀರಿನಿಂದ ಹೊರಗೆ ಬಂದ ಮೇಲೂ ಎದೆನೋವು, ತಲೆಸುತ್ತು ಉಳಿದರೆ ಅದನ್ನು ಭಯವೆಂದು ತಳ್ಳಿಹಾಕದೆ ಕೂಡಲೇ ಪರೀಕ್ಷೆ ಮಾಡಿಸಬೇಕು. ಕಿವಿ ಸೋರುವವರು, ಮೈಮೇಲೆ ತೆರೆದ ಗಾಯವುಳ್ಳವರು ಗುಣವಾಗುವವರೆಗೆ ಕಾಯಲಿ. ಮಳೆಯ ನಂತರದ ಕಲುಷಿತ ನೀರಿನಿಂದ ಇಲಿಜ್ವರ ತಗಲುವುದುಂಟು.

ಇಷ್ಟಲಿಂಗಧಾರಿಗಳು ಕೇಳುವ ಪ್ರಶ್ನೆಯೊಂದಿದೆ. ನೀಳವಾದ ಶಿವದಾರ ಜೋತಾಡುತ್ತಿದ್ದರೆ ಕೈಗೋ ಜೊಂಡಿಗೋ ಸಿಕ್ಕಿಕೊಳ್ಳಬಹುದು. ಲಿಂಗವಸ್ತ್ರವನ್ನು ಎದೆಗೆ ಒತ್ತಿ, ಉಸಿರಾಟಕ್ಕೆ ಅಡ್ಡಿಯಾಗದಂತೆ ಬಿಗಿದು ಕಟ್ಟಿ, ಅದರ ಮೇಲೆ ಮೈಗಂಟುವ ಅಂಗಿ ಧರಿಸುವುದು ಒಂದು ಉಪಾಯ. ಉಳಿದುದನ್ನು ತಮ್ಮ ತಮ್ಮ ಗುರುಗಳಲ್ಲಿ ಅರಿಕೆ ಮಾಡಿಕೊಂಡು ನಡೆಯುವುದು. ತಾಯಂದಿರು ಸೀರೆಯುಟ್ಟು ಈಜಬಾರದು. ಒದ್ದೆಯಾದ ಸೀರೆ ಕಾಲುಗಳನ್ನು ಕಟ್ಟಿಹಾಕುತ್ತದೆ. ಮೈತುಂಬ ಮುಚ್ಚುವ ಈಜುಡುಗೆಗಳು ಈಗ ದೊರೆಯುತ್ತವೆ.

ಇನ್ನೊಬ್ಬರು ಮುಳುಗುವುದನ್ನು ಕಂಡರೆ

ಈಜು ಕಲಿತ ಹುಮ್ಮಸ್ಸಿನಲ್ಲಿ ಮುಳುಗುತ್ತಿರುವವರನ್ನು ಹಿಡಿಯಲು ಜಿಗಿದು ಇಬ್ಬರೂ ಇಲ್ಲವಾಗುವುದುಂಟು. ದಡದಿಂದಲೇ ಹಗ್ಗ, ಪಂಚೆ, ಸೀರೆ, ಗಳ, ಮುಚ್ಚಿದ ಖಾಲಿ ಕ್ಯಾನು, ಸಿಕ್ಕಿದುದನ್ನು ಎಸೆದು ಎಳೆಯಬೇಕು. ಕೂಗಿ ಜನ ಸೇರಿಸಬೇಕು. 112ಕ್ಕೋ 108ಕ್ಕೋ ಕರೆ ಮಾಡಬೇಕು. ಮೇಲೆತ್ತಿದವರನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಅದುಮಿ ನೀರು ಕಕ್ಕಿಸುವುದು ಹಾನಿಕರ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ನಂತರ ಎದೆಯ ನಡುವೆ 30 ಸಲ ಒತ್ತಿ 2 ಸಲ ಉಸಿರು ನೀಡುವುದನ್ನು ನೆರವು ಬರುವವರೆಗೆ ಮುಂದುವರಿಸಬೇಕು. ಇದನ್ನು ಬಲ್ಲವರಿಂದ ಕೈಯಾರೆ ಕಲಿತಿರುವುದು ಪ್ರತಿಯೊಂದು ಮನೆಗೂ ಒಳಿತು.

ಹೊಳೆಯಲ್ಲಿ ಈಜಲು ಬಯಸುವ ಸದ್ಭಕ್ತರು ಈ ವಾರ ಬಟ್ಟೆ ಬದಲಾಯಿಸುವ ಅಗತ್ಯವೂ ಇಲ್ಲ. ಒಬ್ಬ ಗೆಳೆಯರನ್ನು ಕರೆದುಕೊಂಡು ಹೋಗಿ, ಅಂಬಿಗರೊಡನೆ ನಾಲ್ಕು ಮಾತಾಡಿ, ಮೆಟ್ಟಿಲ ಮೇಲೆ ಕುಳಿತು ಕಾಲು ನೆನೆಸಿ, ಹತ್ತು ದೀರ್ಘ ಉಸಿರು ಬಿಟ್ಟು ಬನ್ನಿ. ಮೊದಲ ಪಾದ ಅಷ್ಟೇ.